10,000 ಕಿ.ಮೀ.ಗೆ ಎಷ್ಟು ಗಂಟೆ? ತುಮಕೂರು, ಗುಬ್ಬಿ, ಕುಣಿಗಲ್ ಕಾರುಗಳ ಆಯಿಲ್ ಲೆಕ್ಕ

ಇಂದು ಮಾರಾಟವಾಗುವ ಬಹುಪಾಲು ಪೆಟ್ರೋಲ್ ಕಾರುಗಳ ಸರ್ವೀಸ್ ಪುಸ್ತಕದಲ್ಲಿ ಇಂಜಿನ್ ಆಯಿಲ್‌ಗೆ ಎರಡು ಗಡುವುಗಳಿವೆ: 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಮತ್ತೊಂದು ಪಟ್ಟಿ ಇರುತ್ತದೆ. ದೂಳಿನ ರಸ್ತೆ, ಪದೇಪದೇ ನಿಂತು ಹೊರಡುವ ಟ್ರಾಫಿಕ್, ಇಂಜಿನ್ ಬಿಸಿಯಾಗುವಷ್ಟರಲ್ಲಿ ಮುಗಿದುಹೋಗುವ ಓಡಾಟ ಇದ್ದಲ್ಲಿ ಗಡುವು ಅರ್ಧಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ 5,000 ಕಿ.ಮೀ. ಅಥವಾ 6 ತಿಂಗಳು. ಗ್ಯಾರೇಜಿನಲ್ಲಿ ಕೇಳುವ ಪ್ರಶ್ನೆ ಮಾತ್ರ ಒಂದೇ: ಎಷ್ಟು ಕಿಲೋಮೀಟರ್ ಓಡಿದೆ?

ಎಷ್ಟು ಗಂಟೆ ಓಡಿದೆ ಎಂದು ಕೇಳುವ ರೂಢಿ ಟ್ರಾಕ್ಟರ್‌ಗೆ ಇದೆ, ಕಾರಿಗಿಲ್ಲ. ಗುಬ್ಬಿ ತಾಲ್ಲೂಕಿನ ರೈತ ತನ್ನ ಟ್ರಾಕ್ಟರ್‌ನ ಗಂಟೆ ಮೀಟರ್ ನೋಡಿ ಆಯಿಲ್ ಬದಲಿಸುತ್ತಾನೆ. ಹಲವು ಮಾದರಿಗಳಿಗೆ ಆ ಗಡುವು 250 ಗಂಟೆ. ಡೀಸೆಲ್ ಟ್ರಾಕ್ಟರ್‌ನ ಅಂಕಿಯನ್ನು ಪೆಟ್ರೋಲ್ ಕಾರಿಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ. ಆದರೂ ಈ ವರದಿಯ ಉದ್ದಕ್ಕೂ 250 ಗಂಟೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಕಾರಣ ಮುಂದಿನ ಲೆಕ್ಕದಲ್ಲಿ ತಿಳಿಯುತ್ತದೆ.

ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ ಓಡುವ ಕಾರು 10,000 ಕಿ.ಮೀ. ಮುಗಿಸಲು 167 ಗಂಟೆ ಸಾಕು. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕಿತ್ತು. ಅಂದರೆ ವೇಗ ಗಂಟೆಗೆ 17.6 ಕಿ.ಮೀ. ಈ ವೇಗದಲ್ಲಿ ಅದೇ 10,000 ಕಿ.ಮೀ.ಗೆ ಸುಮಾರು 570 ಗಂಟೆ ಹಿಡಿಯುತ್ತದೆ. ಮೀಟರ್‌ನಲ್ಲಿ ಎರಡೂ ಕಾರುಗಳ ಅಂಕಿ ಒಂದೇ. ಇಂಜಿನ್ ತಿರುಗಿದ ಕಾಲದಲ್ಲಿ 3.4 ಪಟ್ಟು ವ್ಯತ್ಯಾಸ.

ಈ ಸೂತ್ರವನ್ನು ತುಮಕೂರು ಜಿಲ್ಲೆಯ ಮೂರು ಬಗೆಯ ಓಡಾಟಕ್ಕೆ ಹಾಕಿ ನೋಡೋಣ. ವರ್ಷಕ್ಕೆ 300 ದಿನ ಕಾರು ಹೊರಡುತ್ತದೆ ಎಂದು ಮೂರಕ್ಕೂ ಹಿಡಿದಿದೆ. ದೂರ ಮತ್ತು ವೇಗ ಅಂದಾಜಿನವು. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು.

ಮೊದಲನೆಯದು ಕುಣಿಗಲ್‌ನಿಂದ ಬೆಂಗಳೂರಿಗೆ ನಿತ್ಯ ಹೋಗಿಬರುವ ಕಾರು. ಒಂದು ಕಡೆಗೆ ಸುಮಾರು 70 ಕಿ.ಮೀ. ನೆಲಮಂಗಲ ದಾಟಿ ನಾಗಸಂದ್ರದ ತನಕ 57 ಕಿ.ಮೀ.ಗೆ ಗಂಟೆಗೆ 60ರ ವೇಗ ಸಿಕ್ಕರೆ 57 ನಿಮಿಷ. ಉಳಿದ 13 ಕಿ.ಮೀ.ಗೆ ಬೆಂಗಳೂರಿನ ಸರಾಸರಿ ವೇಗದಲ್ಲಿ 44 ನಿಮಿಷ. ದೂರದಲ್ಲಿ ಶೇ. 19ರಷ್ಟಿರುವ ನಗರದ ಭಾಗ ಕಾಲದಲ್ಲಿ ಶೇ. 44ರಷ್ಟನ್ನು ನುಂಗುತ್ತದೆ. ಈ ಕಾರು ವರ್ಷಕ್ಕೆ 42,000 ಕಿ.ಮೀ. ಓಡುತ್ತದೆ, ಇಂಜಿನ್ 1,010 ಗಂಟೆ ತಿರುಗುತ್ತದೆ. 10,000 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸಿದರೆ ಪ್ರತಿ ಬಾರಿಯ ಆಯಿಲ್‌ಗೆ 240 ಗಂಟೆ ಕೆಲಸ.

ಎರಡನೆಯದು ಗುಬ್ಬಿಯಿಂದ ತುಮಕೂರಿಗೆ ಕೆಲಸಕ್ಕೆ ಬರುವ ಕಾರು. ದೂರ 20 ಕಿ.ಮೀ. ಅದರಲ್ಲಿ 17 ಕಿ.ಮೀ. ಗಂಟೆಗೆ 50ರಲ್ಲಿ, ಊರೊಳಗಿನ 3 ಕಿ.ಮೀ. ಗಂಟೆಗೆ 18ರಲ್ಲಿ. ಒಂದು ಕಡೆಗೆ 30 ನಿಮಿಷ. ವರ್ಷಕ್ಕೆ 12,000 ಕಿ.ಮೀ., 304 ಗಂಟೆ. 10,000 ಕಿ.ಮೀ.ಗೆ 253 ಗಂಟೆ. ಇದೂ ಆಯಿಲ್‌ಗೆ ಅನುಕೂಲವಾದ ಓಡಾಟವೇ: ಪ್ರತಿ ಸಲವೂ ಆಯಿಲ್ ಪೂರ್ತಿ ಬಿಸಿಯಾಗುತ್ತದೆ, ಬಿಸಿಯಾದ ಮೇಲೂ ಸ್ವಲ್ಪ ಹೊತ್ತು ಓಡುತ್ತದೆ.

ಮೂರನೆಯದು ತುಮಕೂರು ಬಿಟ್ಟು ಹೊರಗೆ ಹೋಗದ ಕಾರು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು, ವಾಪಸ್ಸು, ಸಂಜೆ ಬಿ.ಎಚ್. ರಸ್ತೆಯಲ್ಲಿ ಒಂದು ಕೆಲಸ, ವಾಪಸ್ಸು. ಸಲಕ್ಕೆ 3 ಕಿ.ಮೀ., ದಿನಕ್ಕೆ ನಾಲ್ಕು ಸಲ. ವರ್ಷಕ್ಕೆ 3,600 ಕಿ.ಮೀ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಇದಕ್ಕೆ 240 ಗಂಟೆ. ಕುಣಿಗಲ್ ಕಾರು 10,000 ಕಿ.ಮೀ.ಗೆ ತೆಗೆದುಕೊಂಡ ಗಂಟೆಗಳೂ ಇಷ್ಟೇ. ಈ ಕಾರಿನ ಮಾಲೀಕರು ಮೀಟರ್ 10,000 ತೋರಿಸುವ ತನಕ ಕಾದರೆ 2 ವರ್ಷ 9 ತಿಂಗಳು ಕಳೆದಿರುತ್ತದೆ, ಇಂಜಿನ್ 667 ಗಂಟೆ ತಿರುಗಿರುತ್ತದೆ ಮತ್ತು 3,300ಕ್ಕೂ ಹೆಚ್ಚು ಸಲ ಸ್ಟಾರ್ಟ್ ಆಗಿರುತ್ತದೆ.

ಸರ್ವೀಸ್ ಪುಸ್ತಕದಲ್ಲಿ 12 ತಿಂಗಳು ಎಂಬ ಎರಡನೇ ಗಡುವು ಇರುವುದು ಈ ಮೂರನೇ ಕಾರಿಗಾಗಿ. ಪಾಲನೆಯಾಗದೆ ಉಳಿಯುವುದೂ ಅದೇ. ‘ಗಾಡಿ ಓಡೇ ಇಲ್ಲವಲ್ಲ ಸಾರ್, 4,000 ಕೂಡ ಆಗಿಲ್ಲ’ ಎಂಬ ಮಾತು ಯಾವ ಗ್ಯಾರೇಜಿನಲ್ಲಾದರೂ ಕೇಳಲು ಸಿಗುತ್ತದೆ.

ಗಂಟೆಗಿಂತಲೂ ಸ್ಟಾರ್ಟ್‌ಗಳ ಸಂಖ್ಯೆ ಈ ಕಾರಿಗೆ ಹೆಚ್ಚು ಹಾನಿ ಮಾಡುತ್ತದೆ. 1 ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು 1 ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಇದು ಪೆಟ್ರೋಲಿನಲ್ಲಿರುವ ಜಲಜನಕದ ರಾಸಾಯನಿಕ ಲೆಕ್ಕ. 12 ಕಿ.ಮೀ. ಮೈಲೇಜ್ ಕೊಡುವ ಕಾರು 3 ಕಿ.ಮೀ. ಹೋದರೆ 250 ಮಿ.ಲೀ. ನೀರು. ಬಹುಪಾಲು ಸೈಲೆನ್ಸರ್ ಮೂಲಕ ಹೊರಬೀಳುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ನುಸುಳಿ ಕೆಳಗಿನ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ. ಹೀಗೆ ನುಸುಳುವ ಅನಿಲಕ್ಕೆ ಬ್ಲೋ-ಬೈ ಎನ್ನುತ್ತಾರೆ. ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಈ ನೀರು ಮತ್ತೆ ಆವಿಯಾಗಿ ಹೊರಹೋಗುತ್ತದೆ. ಕೂಲಂಟ್ ಮುಳ್ಳು ಐದಾರು ನಿಮಿಷದಲ್ಲಿ ನಡುವಿಗೆ ಬಂದರೂ ಆಯಿಲ್‌ಗೆ ಅದರ ಎರಡರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಬೇಕಾಗುತ್ತದೆ. 12 ನಿಮಿಷದ ಓಡಾಟದಲ್ಲಿ ಅದು ಅಲ್ಲಿಗೆ ಮುಟ್ಟುವುದು ಕಷ್ಟ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಬದಿ ನೋಡಿದರೆ ಬೆಣ್ಣೆ ಬಣ್ಣದ ನೊರೆ ಅಂಟಿಕೊಂಡಿರುತ್ತದೆ. ಆಯಿಲ್ ಮತ್ತು ನೀರು ಕಲಸಿಕೊಂಡ ಗುರುತು ಅದು.

ನೀರಿನ ಜತೆ ಪೆಟ್ರೋಲೂ ಇಳಿಯುತ್ತದೆ. ತಣ್ಣಗಿರುವ ಇಂಜಿನ್‌ಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತದೆ. ಪೂರ್ತಿ ಉರಿಯದ ಹನಿಗಳು ಸಿಲಿಂಡರ್ ಗೋಡೆಯ ಮೂಲಕ ಕೆಳಗೆ ಜಾರುತ್ತವೆ. 3.5 ಲೀಟರ್ ಆಯಿಲ್‌ನಲ್ಲಿ ಶೇ. 5ರಷ್ಟು ಬೆರೆತರೆ 175 ಮಿ.ಲೀ. ಇಷ್ಟಾದರೆ ಆಯಿಲ್‌ನ ದಪ್ಪ ಒಂದು ದರ್ಜೆ ಇಳಿಯಬಹುದು. ಆಯಿಲ್‌ನ ದಪ್ಪವನ್ನು 100 ಡಿಗ್ರಿಯಲ್ಲಿ ಸೆಂಟಿಸ್ಟೋಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. 5ಡಬ್ಲ್ಯೂ-30 ಡಬ್ಬಿಯ 30 ಎಂದರೆ 9.3ರಿಂದ 12.5ರ ಒಳಗೆ, 9.3ಕ್ಕಿಂತ ಕೆಳಗಿಳಿದರೆ ಅದು 20ರ ದರ್ಜೆ. 30ರ ಬೆಲೆ ಕೊಟ್ಟು ಹಾಕಿಸಿದ ಆಯಿಲ್ 20ರಂತೆ ಕೆಲಸ ಮಾಡುತ್ತಿರುತ್ತದೆ.

ಹೀಗೆ ಪೆಟ್ರೋಲ್ ಬೆರೆತದ್ದನ್ನು ಡಿಪ್‌ಸ್ಟಿಕ್‌ನಲ್ಲಿ ಕಾಣಬಹುದು. ಸಮತಟ್ಟಾದ ಜಾಗದಲ್ಲಿ ಇಂಜಿನ್ ಆರಿಸಿ ಐದು ನಿಮಿಷ ಬಿಟ್ಟು ನೋಡಬೇಕು. ಅನೇಕ ಕಾರುಗಳಲ್ಲಿ ಕೆಳಗಿನ ಮತ್ತು ಮೇಲಿನ ಗೆರೆಗಳ ನಡುವಿನ ಅಂತರ ಹತ್ತಿರಹತ್ತಿರ 1 ಲೀಟರ್, 175 ಮಿ.ಲೀ. ಅದರ ಆರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಆಯಿಲ್ ಮಟ್ಟ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ. ಟಾಪ್ ಅಪ್ ಮಾಡದಿದ್ದರೂ ಮಟ್ಟ ಏರಿದೆ ಎಂದರೆ ಅದೂ ಅಷ್ಟೇ ಕೆಟ್ಟ ಸುದ್ದಿ. ಬಣ್ಣ ನೋಡಿ ತೀರ್ಮಾನಿಸುವುದು ಮಾತ್ರ ಲೆಕ್ಕಕ್ಕಿಲ್ಲ. ಕಸವನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಆಯಿಲ್ ಕಪ್ಪಾಗಲೇಬೇಕು.

ಬಿಎಸ್-6 ಡೀಸೆಲ್ ಕಾರಿಗೆ ಊರೊಳಗಿನ ಓಡಾಟ ಇನ್ನೂ ಕಷ್ಟ. 2020ರ ಏಪ್ರಿಲ್ 1ರಿಂದ ಜಾರಿಯಾದ ಈ ಮಾನದಂಡದ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇದೆ. ತುಂಬಿಕೊಂಡ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಅದಕ್ಕಾಗಿ ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಸುಡುವುದು ಮುಗಿಯುವ ಮೊದಲೇ ಕಾರನ್ನು ಆರಿಸಿದರೆ ಆ ಡೀಸೆಲ್‌ನ ಒಂದು ಪಾಲು ಆಯಿಲ್‌ಗೆ ಸೇರುತ್ತದೆ. ವರ್ಷಕ್ಕೆ 3,600 ಕಿ.ಮೀ. ಓಡುವವರು ಡೀಸೆಲ್ ಕಾರು ಕೊಂಡಿದ್ದರೆ ಲೆಕ್ಕ ತಪ್ಪಿದ್ದು ಶೋರೂಮಿನಲ್ಲಿ, ಗ್ಯಾರೇಜಿನಲ್ಲಲ್ಲ.

ಇನ್ನು ಫಿಲ್ಟರ್. ಕಾರಿನ ಆಯಿಲ್ ಫಿಲ್ಟರ್ ಸಾಮಾನ್ಯವಾಗಿ 20ರಿಂದ 40 ಮೈಕ್ರಾನ್ ಗಾತ್ರದ ಕಣಗಳನ್ನು ಹಿಡಿಯಲು ತಯಾರಾಗಿರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಫಿಲ್ಟರ್‌ನ ಗುಣಮಟ್ಟವನ್ನು ಬೀಟಾ ಎಂಬ ಅನುಪಾತದಲ್ಲಿ ಹೇಳುತ್ತಾರೆ. 30 ಮೈಕ್ರಾನ್‌ಗೆ ಬೀಟಾ 75 ಎಂದರೆ ಆ ಗಾತ್ರದ 75 ಕಣ ಬಂದರೆ 1 ಮಾತ್ರ ದಾಟುತ್ತದೆ, ಶೇ. 98.7ರಷ್ಟು ನಿಲ್ಲುತ್ತದೆ. ಬೀಟಾ 2 ಎಂದರೆ ಅರ್ಧ ದಾಟುತ್ತದೆ.

ಅರ್ಧ ದಾಟಿದರೂ ಫಿಲ್ಟರ್ ನಿಷ್ಪ್ರಯೋಜಕವಲ್ಲ. ಆಯಿಲ್ ಸುತ್ತಿ ಸುತ್ತಿ ಬರುತ್ತದೆ. ಪಂಪು ನಿಮಿಷಕ್ಕೆ 10 ಲೀಟರ್ ತಳ್ಳುತ್ತದೆ ಎಂದಿಟ್ಟುಕೊಂಡರೆ 240 ಗಂಟೆಯಲ್ಲಿ 1.44 ಲಕ್ಷ ಲೀಟರ್ ಹರಿಯಬೇಕು. 3.5 ಲೀಟರ್ ಆಯಿಲ್ ಫಿಲ್ಟರ್ ಮೂಲಕ 41,000 ಸಲ ಹಾದಂತೆ. 667 ಗಂಟೆಗೆ ಈ ಅಂಕಿ 1.14 ಲಕ್ಷ ಸಲಕ್ಕೆ ಏರುತ್ತದೆ, ಅದೇ ಕಾಗದದ ಮಡಿಕೆಗಳ ಮೂಲಕ.

ಸೂಕ್ಷ್ಮ ಫಿಲ್ಟರ್‌ನಿಂದ ಎಷ್ಟು ಲಾಭ ಎಂಬುದಕ್ಕೆ ಹೆಚ್ಚು ಉಲ್ಲೇಖವಾಗುವ ಅಂಕಿ 1988ರದು. ಅಮೆರಿಕದ ಜನರಲ್ ಮೋಟಾರ್ಸ್ ಪರೀಕ್ಷೆಗಳನ್ನು ಆಧರಿಸಿ ಆಟೊಮೋಟಿವ್ ಇಂಜಿನಿಯರುಗಳ ಸಂಘ ಪ್ರಕಟಿಸಿದ ಪ್ರಬಂಧದ ಪ್ರಕಾರ, 40 ಮೈಕ್ರಾನ್ ಫಿಲ್ಟರ್‌ಗೆ ಹೋಲಿಸಿದರೆ 30 ಮೈಕ್ರಾನ್ ಫಿಲ್ಟರ್ ಇಂಜಿನ್ ಸವೆತವನ್ನು ಶೇ. 50ರಷ್ಟು, 15 ಮೈಕ್ರಾನ್ ಫಿಲ್ಟರ್ ಶೇ. 70ರಷ್ಟು ಇಳಿಸಿತು. ಫಿಲ್ಟರ್ ಮಾರುವವರು ಇದನ್ನು ಧಾರಾಳವಾಗಿ ಬಳಸುತ್ತಾರೆ. ಪರೀಕ್ಷೆಯಲ್ಲಿ ಆಯಿಲ್‌ಗೆ ಬೇಕೆಂದೇ ದೂಳು ಬೆರೆಸಿ ಸವೆತವನ್ನು ಬೇಗ ತರಿಸುತ್ತಾರೆ ಎಂಬ ಮಾತು ಜಾಹೀರಾತಿನಲ್ಲಿ ಇರುವುದಿಲ್ಲ.

ನಿಜವಾದ ರಸ್ತೆಯಲ್ಲಿ ಎಷ್ಟು ದೂಳು ಬರುತ್ತದೆ? 1 ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು. 15 ಕಿ.ಮೀ. ಮೈಲೇಜ್‌ನ ಕಾರು 10,000 ಕಿ.ಮೀ.ಗೆ 667 ಲೀಟರ್ ಪೆಟ್ರೋಲ್ ಕುಡಿದು ಸುಮಾರು 6,000 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ 10 ಮೈಕ್ರಾನ್‌ವರೆಗಿನ ಕಣಗಳಿಗೆ ರಾಷ್ಟ್ರೀಯ ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಆ ಮಟ್ಟದಲ್ಲಿ ಇಡೀ ಅವಧಿಗೆ 0.36 ಗ್ರಾಂ. ಲಾರಿಯ ಹಿಂದೆ, ಅಗೆದಿಟ್ಟ ರಸ್ತೆಯಲ್ಲಿ 1,000 ಮೈಕ್ರೋಗ್ರಾಂ ಎಂದು ಹಿಡಿದರೆ 6 ಗ್ರಾಂ, 16 ಪಟ್ಟಿಗೂ ಹೆಚ್ಚು. ಇದನ್ನು ತಡೆಯಬೇಕಾದ್ದು ಏರ್ ಫಿಲ್ಟರ್. ಅದರ ರಬ್ಬರ್ ಅಂಚು ಸರಿಯಾಗಿ ಕೂರದಿದ್ದರೆ ಆಯಿಲ್ ಫಿಲ್ಟರ್‌ನ ಬೀಟಾ ಎಷ್ಟಿದ್ದರೂ ಪ್ರಯೋಜನ ಕಡಿಮೆ. ಗುಬ್ಬಿ ಸೀಮೆಯ ಮಣ್ಣಿನ ರಸ್ತೆಯಲ್ಲಿ ತೋಟಕ್ಕೆ ಹೋಗಿಬರುವ ಕಾರಿಗೆ ದೊಡ್ಡ ಶತ್ರು ದೂಳು, ಟ್ರಾಫಿಕ್ ಅಲ್ಲ.

ತುಮಕೂರು ನಗರದ ಕಾರಿನ ಕಷ್ಟ ಬೇರೆ. ಅದರ ಆಯಿಲ್‌ಗೆ ಬೆರೆಯುವ ಪೆಟ್ರೋಲ್, ನೀರು, ಆಮ್ಲ ಯಾವುದನ್ನೂ ಕಾಗದದ ಫಿಲ್ಟರ್ ಹಿಡಿಯುವುದಿಲ್ಲ. ಮಸಿಯ ಕಣ 1 ಮೈಕ್ರಾನ್‌ಗಿಂತ ಸಣ್ಣದು, ಅದೂ ದಾಟುತ್ತದೆ. ಜತೆಗೆ ಫಿಲ್ಟರ್ ಕಟ್ಟಿಕೊಂಡಾಗ ಅಥವಾ ಬೆಳಗಿನ ಚಳಿಗೆ ಆಯಿಲ್ ಗಟ್ಟಿಯಾಗಿದ್ದಾಗ, ಎರಡು ಬದಿಯ ಒತ್ತಡದ ವ್ಯತ್ಯಾಸ ಸುಮಾರು 1 ಬಾರ್ ತಲುಪಿದರೆ ಬೈಪಾಸ್ ವಾಲ್ವ್ ತೆರೆದು ಆಯಿಲ್ ಸೋಸದೆಯೇ ಒಳಹೋಗುತ್ತದೆ. ಇಂಜಿನ್ ಒಣಗುವುದಕ್ಕಿಂತ ಕೊಳಕು ಆಯಿಲ್ ಮೇಲು ಎಂಬುದು ಆ ವಾಲ್ವಿನ ತರ್ಕ. ಟ್ರಾಫಿಕ್‌ನಲ್ಲಿ ಓಡುವ ಕಾರಿಗೆ ದುಬಾರಿ ಫಿಲ್ಟರ್ ಹಾಕಿಸಿ ಆಯಿಲ್‌ನ ಗಡುವನ್ನು ಮುಂದೂಡುವುದು ಲಾಭದ ವ್ಯವಹಾರವಲ್ಲ.

ನಿಂತಲ್ಲೇ ಇಂಜಿನ್ ಓಡುವ ಗಂಟೆಗೂ ಒಂದು ಪರಿವರ್ತನೆ ಇದೆ. ಅಮೆರಿಕದ ಫೋರ್ಡ್ ಕಂಪನಿ ತನ್ನ ಪೊಲೀಸ್ ಕಾರುಗಳಿಗೆ 1 ಗಂಟೆ ಐಡ್ಲಿಂಗನ್ನು 33 ಮೈಲಿ, ಅಂದರೆ 53 ಕಿ.ಮೀ. ಓಟಕ್ಕೆ ಸಮ ಎಂದು ಎಣಿಸಲು ಹೇಳುತ್ತದೆ. ಇದಕ್ಕೊಂದು ಉದಾಹರಣೆ: ಬೆಂಗಳೂರಿನ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆ 2021ರ ಡಿಸೆಂಬರ್ 25ರಂದು ಮುಚ್ಚಿತು. ಲಘು ವಾಹನಗಳಿಗೆ 2022ರ ಫೆಬ್ರುವರಿ 16ಕ್ಕೆ, 53 ದಿನಗಳ ಬಳಿಕ ತೆರೆಯಿತು. ಭಾರಿ ವಾಹನಗಳಿಗೆ 2024ರ ಜುಲೈ 29ರಂದು, 947 ದಿನಗಳ ಬಳಿಕ. ಇಂಥ ಅಡಚಣೆಯಿಂದ ದಿನಕ್ಕೆ 20 ನಿಮಿಷ ಹೆಚ್ಚುವರಿಯಾಗಿ ನಿಲ್ಲಬೇಕಾಯಿತು ಎಂದಿಟ್ಟುಕೊಂಡರೆ 300 ದಿನಕ್ಕೆ 100 ಗಂಟೆ. ಗಂಟೆಗೆ 0.6 ಲೀಟರ್‌ನಂತೆ 60 ಲೀಟರ್ ಪೆಟ್ರೋಲ್. ಫೋರ್ಡ್ ಸೂತ್ರದಲ್ಲಿ ಮೀಟರ್‌ನಲ್ಲಿ ಕಾಣದ 5,300 ಕಿ.ಮೀ.

ಆ 60 ಲೀಟರ್‌ನ ಬೆಲೆಯೂ ಬದಲಾಗಿದೆ. 2024ರ ಜೂನ್ 15ರಂದು ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 99.84 ರೂ.ನಿಂದ 102.86 ರೂ.ಗೆ ಹೋಯಿತು, ಶೇ. 3 ಏರಿಕೆ. 60 ಲೀಟರಿಗೆ 5,990 ರೂ. ಇದ್ದದ್ದು 6,172 ರೂ. ಆಯಿತು.

ಈಗ ಆಯಿಲ್ ಬದಲಾವಣೆಯ ಬಿಲ್. ಸಣ್ಣ ಪೆಟ್ರೋಲ್ ಕಾರಿಗೆ 3.5 ಲೀಟರ್ ಸಿಂಥೆಟಿಕ್ ಆಯಿಲ್ ಲೀಟರಿಗೆ 600 ರೂ.ನಂತೆ 2,100, ಫಿಲ್ಟರ್ 150, ಡ್ರೈನ್ ಬೋಲ್ಟಿನ ವಾಷರ್ 20, ಕೂಲಿ 300. ಒಟ್ಟು 2,570 ರೂ. ಇದು ಮಾದರಿ ಲೆಕ್ಕ. ಕಾರು, ಬ್ರ್ಯಾಂಡ್, ಗ್ಯಾರೇಜ್ ನೋಡಿ ಬದಲಾಗುತ್ತದೆ. ಆಯಿಲ್ ಬೆಲೆಯಲ್ಲಿ ಶೇ. 18ರ ಜಿಎಸ್‌ಟಿ ಪಾಲೇ 320 ರೂ. ಒಟ್ಟು ಬಿಲ್ಲನ್ನು 10,000 ಕಿ.ಮೀ.ಗೆ ಹಂಚಿದರೆ ಕಿ.ಮೀ.ಗೆ 26 ಪೈಸೆ. ಅದೇ ಕಿ.ಮೀ.ಗೆ 15ರ ಮೈಲೇಜ್‌ನಲ್ಲಿ, 2024ರ ಆ ಬೆಲೆಗೆ, ಪೆಟ್ರೋಲ್ ಖರ್ಚು 6.86 ರೂ. ಪೆಟ್ರೋಲ್‌ಗೆ 100 ರೂ. ಖರ್ಚಾದರೆ ಆಯಿಲ್‌ಗೆ 4 ರೂ.ಗೂ ಕಡಿಮೆ.

ಅಗ್ಗದ ಆಯಿಲ್ ಉಳಿತಾಯವೇ? ಲೀಟರಿಗೆ 400 ರೂ.ನ ಮಿನರಲ್ ಆಯಿಲ್ ಹಾಕಿ 5,000ಕ್ಕೆ ಬದಲಿಸಿದರೆ ಸಲಕ್ಕೆ 1,870 ರೂ., ಕಿ.ಮೀ.ಗೆ 37 ಪೈಸೆ. ಸಿಂಥೆಟಿಕ್‌ಗಿಂತ ಶೇ. 46 ಹೆಚ್ಚು. ಕಂಪನಿ 0ಡಬ್ಲ್ಯೂ-20 ಎಂದಿರುವ ಹೊಸ ಇಂಜಿನ್‌ಗೆ 20ಡಬ್ಲ್ಯೂ-50 ಸುರಿಯುವ ಹಳೆಯ ಅಭ್ಯಾಸ ಈ ಲೆಕ್ಕಕ್ಕೂ ಹೊರಗಿನದು.

ಫಿಲ್ಟರ್ ಬಿಟ್ಟು ಆಯಿಲ್ ಮಾತ್ರ ಬದಲಿಸುವವರಿದ್ದಾರೆ. ಉಳಿಯುವುದು ಫಿಲ್ಟರಿನ 150 ರೂ. ಮತ್ತು ಹಳೆಯ ಫಿಲ್ಟರಿನೊಳಗೆ ನಿಂತ ಸುಮಾರು ಕಾಲು ಲೀಟರ್ ಆಯಿಲ್‌ನ 150 ರೂ.; ಒಟ್ಟು ಬಿಲ್ಲಿನ ಶೇ. 12. ಅದಕ್ಕೆ ತೆರುವ ಬೆಲೆ: 1,950 ರೂ.ನ ಹೊಸ ಆಯಿಲ್‌ಗೆ ಮೊದಲ ನಿಮಿಷವೇ ಶೇ. 7ರಷ್ಟು ಹಳೆಯದು ಬೆರೆಯುತ್ತದೆ.

ತುಮಕೂರಿನ ಮೂರನೇ ಕಾರಿಗೆ ವರ್ಷಕ್ಕೊಮ್ಮೆ ಬದಲಿಸಿದರೆ ಕಿ.ಮೀ.ಗೆ 71 ಪೈಸೆ ಬೀಳುತ್ತದೆ, ಕುಣಿಗಲ್ ಕಾರಿನ 2.8 ಪಟ್ಟು. ದಂಡ ಎನಿಸುವುದು ಇದರಿಂದಲೇ. ಗಂಟೆಗೆ ಭಾಗಿಸಿದರೆ ಎರಡಕ್ಕೂ 10.70 ರೂ. 10 ವರ್ಷಕ್ಕೆ ಹತ್ತು ಬದಲಾವಣೆ, 25,700 ರೂ. ಮೀಟರ್ ನಂಬಿ ಕಾದರೆ ಮೂರೇ ಬದಲಾವಣೆ, 7,710 ರೂ. ವ್ಯತ್ಯಾಸ ಸುಮಾರು 18,000. ತಿಂಗಳಿಗೆ 150 ರೂ. ಇಂಜಿನ್ ಬಿಚ್ಚುವ ಕೆಲಸ ಬಂದರೆ 60,000 ರೂ. ಎಂದು ಹಿಡಿದರೆ ಈ 18,000 ಅದರ ಶೇ. 30. ಹತ್ತು ವರ್ಷದಲ್ಲಿ ಅಂಥ ಕೆಲಸ ಬರುವ ಸಾಧ್ಯತೆ ಶೇಕಡಾ 30 ಅಂಶದಷ್ಟಾದರೂ ಇಳಿದರೆ ಮಾತ್ರ ಖರ್ಚು ಗಿಟ್ಟುತ್ತದೆ. 667 ಗಂಟೆ ಹಳೆಯ, ನೀರು ಬೆರೆತ ಆಯಿಲ್‌ಗೆ ಹೋಲಿಸಿದಾಗ ಗಿಟ್ಟುತ್ತದೆ ಎಂಬುದು ಈ ಲೇಖಕನ ಅಂದಾಜು. ಗುಬ್ಬಿ ಕಾರಿಗೆ 5,000ಕ್ಕೇ ಬದಲಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ. ಅದು 127 ಗಂಟೆಗೇ ಆಯಿಲ್ ಚೆಲ್ಲಿದಂತೆ.

ವಾರಕ್ಕೊಮ್ಮೆ ಹೈವೇಗೆ ಹೋಗಿ ಬನ್ನಿ, ಆಯಿಲ್ ಒಣಗುತ್ತದೆ ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ತಾಂತ್ರಿಕವಾಗಿ ಸರಿ. ತುಮಕೂರಿನಿಂದ ಗುಬ್ಬಿಗೆ ಹೋಗಿ ಬಂದರೆ 40 ಕಿ.ಮೀ., ಪೆಟ್ರೋಲ್ 274 ರೂ. ವರ್ಷಕ್ಕೆ 52 ಸಲ ಹೋದರೆ 14,260 ರೂ., ಹೆಚ್ಚುವರಿ ಆಯಿಲ್ ಬದಲಾವಣೆಯೊಂದರ 5.5 ಪಟ್ಟು. ಗುಬ್ಬಿ ಚನ್ನಬಸವೇಶ್ವರನ ದರ್ಶನಕ್ಕೆ ಹೇಗೂ ಹೋಗುವವರಿಗೆ ಆಯಿಲ್‌ನ ಲಾಭ ಉಚಿತ. ಆಯಿಲ್‌ಗೆಂದೇ ಹೋಗುವುದಾದರೆ 6 ತಿಂಗಳಿಗೊಮ್ಮೆ ಬದಲಿಸುವುದು ಅಗ್ಗ.

ತನ್ನ ಕಾರು ಮೂರರಲ್ಲಿ ಯಾವುದು ಎಂದು ತಿಳಿಯಲು ಮೀಟರ್ ಪಕ್ಕದ ಪರದೆಯಲ್ಲಿ ಸರಾಸರಿ ವೇಗ ನೋಡಿದರೆ ಸಾಕು. ಈಚಿನ ಅನೇಕ ಕಾರುಗಳಲ್ಲಿ ಅದು ಇದೆ. ಆ ಅಂಕಿಯನ್ನು 250ರಿಂದ ಗುಣಿಸಿದರೆ ಸರಿಸುಮಾರು ಗಡುವು ಸಿಗುತ್ತದೆ. 40 ಇದ್ದರೆ 10,000 ಕಿ.ಮೀ., 24 ಇದ್ದರೆ 6,000, 15 ಇದ್ದರೆ 3,750. 12 ತಿಂಗಳ ಮಿತಿ ಎಲ್ಲಕ್ಕೂ ಮೇಲೆ. ವಾರಂಟಿ ಇರುವ ಕಾರಿಗೆ ಕಂಪನಿಯ ಗಡುವು ದಾಟುವಂತಿಲ್ಲ.

ಹೆಚ್ಚು ಬದಲಿಸಿದಷ್ಟೂ ಹಳೆಯ ಆಯಿಲ್ ಹೆಚ್ಚುತ್ತದೆ. 1,000 ಕಾರುಗಳು ವರ್ಷಕ್ಕೆ ಒಂದು ಸಲ ಹೆಚ್ಚು ಬದಲಿಸಿದರೆ 3,500 ಲೀಟರ್, ತೂಕ ಸುಮಾರು 3 ಟನ್. 2016ರ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಒಂದು ಸಲದ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂಕಿ. ಅದೇ ಸಂಸ್ಥೆಯ ಲೆಕ್ಕದಲ್ಲಿ ಮರುಶುದ್ಧೀಕರಿಸಿದರೆ ಪ್ರತಿ ಲೀಟರಿಗೆ 0.625 ಲೀಟರ್ ಹೊಸ ಆಯಿಲ್ ಸಿಗುತ್ತದೆ. 3,500 ಲೀಟರಿಗೆ ಸುಮಾರು 2,190. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಕರ ಮೇಲೆ ಮರುಬಳಕೆಯ ಹೊಣೆ ಬಿದ್ದಿದೆ. ಮೊದಲ ವರ್ಷದ ಗುರಿ ಶೇ. 5, ಹಂತಹಂತವಾಗಿ ಶೇ. 50. ಸದ್ಯಕ್ಕೆ ಸಣ್ಣ ಗ್ಯಾರೇಜಿನ ಮೂಲೆಯ ಡ್ರಮ್ಮಿನಿಂದ ಈ ಆಯಿಲ್ ಹೋಗುವ ದಾರಿಗಳಲ್ಲಿ ಒಂದು ಕಟ್ಟಡ ಕೆಲಸ. ಸೆಂಟ್ರಿಂಗ್ ಹಲಗೆಗೆ ಕಾಂಕ್ರೀಟ್ ಅಂಟದಂತೆ ಬಳಿಯುತ್ತಾರೆ, ಮಳೆ ಬಂದರೆ ಚರಂಡಿಗೆ ಇಳಿಯುತ್ತದೆ.